ಚೌಕಾಸಿ ನಡೆಯದ ಅಂಗಡಿ: ಮಾತ್ರೆ ಬೆಲೆಯ ಐವತ್ತು ವರ್ಷದ ಲೆಕ್ಕ

(ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಕಥೆ ಶುರುವಾಗೋದು ಕಮರ್ಷಿಯಲ್ ಸ್ಟ್ರೀಟಲ್ಲಿ. ನಮ್ಮಪ್ಪ ಅಲ್ಲೊಂದು ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಸೇಲ್ಸ್‌ಮನ್ ಆಗಿದ್ದವರು. ಸ್ಕೂಲಿಗೆ ರಜೆ ಇದ್ದಾಗ ಮಧ್ಯಾಹ್ನ ಅವರಿಗೆ ಊಟದ ಡಬ್ಬಿ ಕೊಡೋಕೆ ಹೋಗ್ತಿದ್ದೆ. ಹೋದವಳು ಬೇಗ ವಾಪಸ್ ಬರ್ತಿರಲಿಲ್ಲ. ಅಲ್ಲಿನ ಚೌಕಾಸಿ ನೋಡೋದೇ ಒಂದು ಮಜಾ. ಅಂಗಡಿಯವರು ಎಂಟುನೂರು ಅಂತಾರೆ, ಗಿರಾಕಿ ಮುನ್ನೂರು ಅಂತಾರೆ. ಉರ್ದು, ತಮಿಳು, ಕನ್ನಡ ಎಲ್ಲ ಕಲಸಿ ಮಾತು ನಡೆಯುತ್ತೆ. ಗಿರಾಕಿ ಬೇಡ ಅಂತ ಎದ್ದು ನಾಲ್ಕು ಹೆಜ್ಜೆ ಹಾಕಿದ ಮೇಲೆ ನಿಜವಾದ ರೇಟು ಹೊರಗೆ ಬರುತ್ತೆ. ಬಿ.ಕಾಂ. ಓದುವಾಗ ಬೇಡಿಕೆ, ಪೂರೈಕೆ ಅಂತ ಲೆಕ್ಚರರ್ ಬೋರ್ಡ್ ಮೇಲೆ ಗೆರೆ ಎಳೆದಾಗ ನನಗೆ ಹೊಸದು ಅನ್ನಿಸಲೇ ಇಲ್ಲ. ಅದನ್ನ ಅಪ್ಪನ ಅಂಗಡಿ ಕೌಂಟರ್ ಮೇಲೆ ನೋಡಿಬಿಟ್ಟಿದ್ದೆ.

ಅದೇ ಏರಿಯಾದಲ್ಲಿ ಚೌಕಾಸಿ ನಡೆಯದ ಒಂದು ಅಂಗಡಿ ಇದೆ. ಅದು ಮೆಡಿಕಲ್ ಶಾಪ್.

ಅಮ್ಮನಿಗೆ ಶುಗರ್ ಇದೆ, ಬಿಪಿ ಇದೆ. ತಿಂಗಳಿಗೊಂದು ಸಲ ಚೀಟಿ ಹಿಡ್ಕೊಂಡು ಹೋಗೋದು ನನ್ನ ಕೆಲಸ. ಲಾಕ್‌ಡೌನ್ ನಂತರ ಮನೆಯ ಆದಾಯ ಇಳಿದಾಗ ಒಂದು ದಿನ ಕೇಳಿದೆ: "ಅಂಕಲ್, ಇದೇ ಔಷಧಿ ಬೇರೆ ಕಂಪನಿದು ಕಮ್ಮಿ ರೇಟಿಂದು ಇದ್ರೆ ಕೊಡಿ." ಅವರು ಚೀಟಿ ಮೇಲೆ ಬೆರಳಿಟ್ಟು ಹೇಳಿದ್ರು: "ಬರೆದಿರೋದೇ ಕೊಡಬೇಕಮ್ಮ. ಬೇರೆ ಕೊಟ್ರೆ ನಮ್ಮ ಲೈಸೆನ್ಸಿಗೆ ತೊಂದರೆ." ಲಾಭ ಜಾಸ್ತಿ ಬರೋದನ್ನ ಮಾರೋಕೆ ಹೀಗೆ ಹೇಳ್ತಿದ್ದಾರೆ ಅಂದ್ಕೊಂಡೆ. ಆಮೇಲೆ ಓದಿ ನೋಡಿದ್ರೆ ಅವರು ಹೇಳಿದ್ದೇ ನಿಜ. 1945ರ ಔಷಧ ನಿಯಮಗಳಲ್ಲಿ 65(11ಎ) ಅಂತ ಒಂದು ನಿಯಮ ಇದೆ. ಶೆಡ್ಯೂಲ್ ಎಚ್ ಔಷಧಿಗೆ, ಅಂದ್ರೆ ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿಗೆ, ಚೀಟಿಯಲ್ಲಿರೋದರ ಬದಲು ಇನ್ನೊಂದನ್ನ ಅಂಗಡಿಯವರು ಕೊಡೋ ಹಾಗಿಲ್ಲ. ಒಳಗಿರೋ ಔಷಧಾಂಶ ಒಂದೇ ಆಗಿದ್ರೂ ಕೊಡೋ ಹಾಗಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಬಟ್ಟೆ ಅಂಗಡಿಯಲ್ಲಿ ಆರಿಸೋರೂ ನೀವೇ, ದುಡ್ಡು ಕೊಡೋರೂ ನೀವೇ. ಮೆಡಿಕಲ್ ಶಾಪಲ್ಲಿ ಆರಿಸೋರು ಡಾಕ್ಟರ್, ದುಡ್ಡು ಕೊಡೋರು ನೀವು, ಬದಲಾಯಿಸೋ ಅಧಿಕಾರ ಅಂಗಡಿಯವರಿಗಿಲ್ಲ. ಹಾಗಿದ್ರೆ ಔಷಧಿ ಕಂಪನಿ ತನ್ನ ಮಾರ್ಕೆಟಿಂಗ್ ದುಡ್ಡನ್ನ ಯಾರ ಮೇಲೆ ಹಾಕುತ್ತೆ? ಕಾಮರ್ಸ್ ಓದದೇ ಇದ್ರೂ ಇದಕ್ಕೆ ಉತ್ತರ ಗೊತ್ತಾಗುತ್ತೆ.

ನಮ್ಮ ಸರ್ಕಾರಗಳು ಐವತ್ತು ವರ್ಷದಿಂದ ಮಾತ್ರೆಯ ಬೆಲೆ ಹಿಡಿಯೋಕೆ ಓಡ್ತಾ ಬಂದಿವೆ. ಆರಿಸೋ ಕೈಯನ್ನ ಮಾತ್ರ ಮುಟ್ಟಿಲ್ಲ. ಮುಟ್ಟೋಕೆ ಹೋದಾಗಲೆಲ್ಲ ಹಿಂದೆ ಸರಿದಿವೆ. ಇವತ್ತು ಆ ಲೆಕ್ಕವನ್ನ ಮೊದಲಿಂದ ನೋಡೋಣ.

ಎಲ್ಲರೂ ಮಾಡಬಹುದು ಅಂದಾಗ

ಕಮರ್ಷಿಯಲ್ ಸ್ಟ್ರೀಟ್ ಪಕ್ಕದಲ್ಲೇ ಡಿಸ್ಪೆನ್ಸರಿ ರೋಡ್ ಇದೆ. ದಿನಾ ಓಡಾಡೋರಿಗೂ ಆ ಹೆಸರಲ್ಲಿ ಔಷಧಿ ಇದೆ ಅನ್ನೋದು ಹೊಳೆಯಲ್ಲ. ಹಳೇ ಡಿಸ್ಪೆನ್ಸರಿಗಳ ಕಾಲದಲ್ಲಿ ಕಾಂಪೌಂಡರ್ ಬಾಟಲಿಯಲ್ಲಿ ಮಿಕ್ಸ್ಚರ್ ಕಲಸಿ ಕೊಡ್ತಿದ್ರು. ಬಾಟಲಿಗೆ ಅಳತೆಯ ಕಾಗದ ಅಂಟಿಸಿರೋರು, ಬ್ರಾಂಡ್ ಅನ್ನೋ ಮಾತೇ ಇರ್ತಿರಲಿಲ್ಲ. ಸ್ವಾತಂತ್ರ್ಯದ ನಂತರದ ದಶಕಗಳಲ್ಲಿ ಮಾತ್ರೆ, ಕ್ಯಾಪ್ಸೂಲ್ ಬಂದವು. ಬಹುಪಾಲು ವಿದೇಶಿ ಕಂಪನಿಗಳದ್ದು, ರೇಟೂ ಅವರದ್ದೇ. 1960ರ ಆಸುಪಾಸಿನಲ್ಲಿ ಅಮೆರಿಕದ ಸೆನೆಟ್‌ನ ಕೆಫಾವರ್ ಸಮಿತಿ ವಿಚಾರಣೆ ಮಾಡಿದಾಗ, ಕೆಲವು ಔಷಧಿಗಳ ಬೆಲೆ ಜಗತ್ತಿನಲ್ಲೇ ಅತಿ ಹೆಚ್ಚು ಇರೋ ದೇಶಗಳಲ್ಲಿ ಭಾರತವೂ ಒಂದು ಅಂತ ಬೆಳಕಿಗೆ ಬಂತು.

1970ರಲ್ಲಿ ಎರಡು ಕೆಲಸ ಆಯಿತು. ಒಂದು, ಔಷಧ ಬೆಲೆ ನಿಯಂತ್ರಣ ಆದೇಶ. ಇನ್ನೊಂದು, ಹೊಸ ಪೇಟೆಂಟ್ ಕಾಯ್ದೆ. ಕಾಯ್ದೆ ಜಾರಿಗೆ ಬಂದಿದ್ದು 1972ರಲ್ಲಿ. ಅದರ ಪ್ರಕಾರ ಆಗ ಔಷಧಿಗೇ ಪೇಟೆಂಟ್ ಇರಲಿಲ್ಲ, ಅದನ್ನ ತಯಾರಿಸೋ ವಿಧಾನಕ್ಕೆ ಮಾತ್ರ ಇತ್ತು. ಬೇರೆ ವಿಧಾನದಲ್ಲಿ ಮಾಡ್ತೀನಿ ಅನ್ನೋ ಯಾರು ಬೇಕಾದ್ರೂ ಅದೇ ಔಷಧಿ ಮಾಡಬಹುದಿತ್ತು. ದೇಶದ ತುಂಬ ಔಷಧಿ ಕಂಪನಿಗಳು ಹುಟ್ಟಿದವು. ಬೆಂಗಳೂರಲ್ಲೂ ಹುಟ್ಟಿದವು. ಸರ್ಕಾರಿ ವಲಯದಲ್ಲಿ 1981ರಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಶುರುವಾಯಿತು. ಅದರ ಕಾರ್ಖಾನೆ ಪೀಣ್ಯದಲ್ಲಿ.

ಪೈಪೋಟಿ ಬಂದ್ರೆ ಬೆಲೆ ಇಳಿಯಬೇಕು ಅಂತ ನಮ್ಮ ಪಠ್ಯಪುಸ್ತಕ ಹೇಳುತ್ತೆ. ಸಾಕಷ್ಟು ಇಳಿಯಿತು ಕೂಡ. ಆದ್ರೆ ಒಂದೇ ಔಷಧಿಯನ್ನ ಹತ್ತಾರು ಕಂಪನಿ ಹತ್ತಾರು ಹೆಸರಲ್ಲಿ ಮಾಡೋಕೆ ಶುರು ಮಾಡಿದಾಗ, ಪೈಪೋಟಿ ಅಂಗಡಿ ಕೌಂಟರಿಂದ ಎದ್ದು ಡಾಕ್ಟರ್ ಟೇಬಲ್ಲಿಗೆ ಹೋಗಿ ಕೂತುಬಿಟ್ಟಿತು. ಕ್ಲಿನಿಕ್ ಹೊರಗೆ ರೋಗಿಗಳ ಸಾಲಿನ ಪಕ್ಕ ಟೈ ಕಟ್ಟಿ, ಕಪ್ಪು ಬ್ಯಾಗ್ ಹಿಡಿದು ನಿಂತಿರೋ ಮೆಡಿಕಲ್ ರೆಪ್‌ಗಳನ್ನ ನೀವೂ ನೋಡಿರ್ತೀರ. ಅವರು ಮಾರೋಕೆ ಬಂದಿರೋದು ಔಷಧಿಗಿಂತ ಹೆಚ್ಚಾಗಿ ಒಂದು ಹೆಸರನ್ನ.

ಇದನ್ನ ಸರ್ಕಾರ ಆಗಲೇ ಗಮನಿಸಿತ್ತು. 1974ರಲ್ಲಿ ಜೈಸುಖಲಾಲ್ ಹಾಥಿ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಮಾಡಿತು. 1975ರಲ್ಲಿ ಬಂದ ವರದಿಯಲ್ಲಿ ಅಗತ್ಯ ಔಷಧಿಗಳ ಪಟ್ಟಿ ಇತ್ತು. ಬ್ರಾಂಡ್ ಹೆಸರುಗಳನ್ನ ಹಂತ ಹಂತವಾಗಿ ತೆಗೆದುಹಾಕಿ, ಮೊದಲು 13 ಔಷಧಿಗಳಿಂದ ಶುರು ಮಾಡಿ ಅನ್ನೋ ಶಿಫಾರಸೂ ಇತ್ತು. ಸರ್ಕಾರ ಅದನ್ನ ಇಳಿಸಿ ಇಳಿಸಿ, ಆಸ್ಪಿರಿನ್, ಫೆರಸ್ ಸಲ್ಫೇಟ್ ಥರದ ಐದು ಔಷಧಿಗೆ ಮಾತ್ರ ಆದೇಶ ಮಾಡಿತು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಆ ಆದೇಶ ಅಲ್ಲಿ ನಿಲ್ಲಲಿಲ್ಲ.

ಆರಿಸೋ ಕೈಯನ್ನ ಮುಟ್ಟೋ ಮೊದಲ ಪ್ರಯತ್ನ ಅಲ್ಲಿಗೆ ಮುಗೀತು.

ಬೆಂಗಳೂರಿನ ಒಂದು ತಡೆಯಾಜ್ಞೆ

ಉಳಿದಿದ್ದು ಬೆಲೆ ನಿಯಂತ್ರಣ. ಅದೂ ವರ್ಷದಿಂದ ವರ್ಷಕ್ಕೆ ತೆಳುವಾಗ್ತಾ ಹೋಯಿತು. 1979ರ ಆದೇಶದಲ್ಲಿ 347 ಮೂಲ ಔಷಧಗಳು ನಿಯಂತ್ರಣದಲ್ಲಿದ್ವು. 1987ರಲ್ಲಿ ಅದು 142ಕ್ಕೆ ಇಳೀತು. 1995ರ ಆದೇಶದ ಹೊತ್ತಿಗೆ ಎಪ್ಪತ್ತರ ಸುಮಾರಿಗೆ ಬಂತು. 2002ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಔಷಧ ನೀತಿ ತಂದು, ಪಟ್ಟಿಯನ್ನ ಇನ್ನೂ ಚಿಕ್ಕದು ಮಾಡೋಕೆ ಹೊರಟಿತು.

ಅದು ಬಂದು ತಡೆದು ನಿಂತಿದ್ದು ನಮ್ಮೂರಲ್ಲಿ. ಕೆ.ಎಸ್. ಗೋಪಿನಾಥ್ ಮತ್ತಿತರರು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ರು. ಈ ನೀತಿ ಜಾರಿಯಾದ್ರೆ ಜೀವ ಉಳಿಸೋ ಔಷಧಿಗಳೇ ನಿಯಂತ್ರಣದಿಂದ ಹೊರಗೆ ಹೋಗ್ತವೆ ಅನ್ನೋದು ವಾದ. ಯಾಕಂದ್ರೆ ಪಟ್ಟಿಗೆ ಸೇರಿಸೋಕೆ ನೋಡ್ತಿದ್ದಿದ್ದು ಆ ಔಷಧಿಯ ಮಾರಾಟ ಎಷ್ಟು, ಮಾರುಕಟ್ಟೆ ಒಬ್ಬರದೇ ಕೈಯಲ್ಲಿದೆಯಾ ಅನ್ನೋದನ್ನ. ರೋಗಿಗೆ ಅದು ಎಷ್ಟು ಅಗತ್ಯ ಅನ್ನೋದು ಅಲ್ಲಿ ಲೆಕ್ಕಕ್ಕೇ ಬರ್ತಿರಲಿಲ್ಲ. 2002ರ ನವೆಂಬರ್ 12ರಂದು ಹೈಕೋರ್ಟ್ ಆ ನೀತಿಯ ಬೆಲೆ ನಿಯಂತ್ರಣದ ಭಾಗಕ್ಕೆ ತಡೆ ಕೊಟ್ಟಿತು.

ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 2003ರ ಮಾರ್ಚ್ 10ರಂದು ಅಲ್ಲಿ ತಡೆ ತೆರವಾಯಿತು, ಆದ್ರೆ ಒಂದು ಷರತ್ತಿನ ಜೊತೆಗೆ. ಅಗತ್ಯ ಮತ್ತು ಜೀವರಕ್ಷಕ ಔಷಧಿಗಳು ನಿಯಂತ್ರಣದಿಂದ ಹೊರಗೆ ಬೀಳದ ಹಾಗೆ ಮಾನದಂಡ ಮಾಡಿ, ಅಗತ್ಯ ಔಷಧಿಗಳ ಪಟ್ಟಿ ಪರಿಷ್ಕರಿಸಿ ಅಂತ ಕೋರ್ಟ್ ಸೂಚಿಸಿತು. ಅದೇ ವರ್ಷ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯ ಹೊಸ ಆವೃತ್ತಿ ಬಂತು. ಆಲ್ ಇಂಡಿಯಾ ಡ್ರಗ್ ಆ್ಯಕ್ಷನ್ ನೆಟ್‌ವರ್ಕ್ ಕೂಡ 2003ರಲ್ಲೇ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿತು. ಹತ್ತು ವರ್ಷ ಎಳೆದಾಡಿ 2013ರಲ್ಲಿ ಹೊಸ ಬೆಲೆ ನಿಯಂತ್ರಣ ಆದೇಶ ಬಂದಾಗ, 2011ರ ಪಟ್ಟಿಯ 348 ಔಷಧಿಗಳು ಅದರೊಳಗೆ ಬಂದವು. ಇವತ್ತು ನಿಮ್ಮ ಸ್ಟ್ರಿಪ್ ಮೇಲಿನ ಬೆಲೆಗೆ ಒಂದು ಮಿತಿ ಇದೆ ಅಂದ್ರೆ, ಅದರ ಹಿಂದೆ ಬೆಂಗಳೂರಿನ ಆ ತಡೆಯಾಜ್ಞೆಯೂ ಇದೆ.

ಆದ್ರೆ 2013ರಲ್ಲಿ ಲೆಕ್ಕ ಹಾಕೋ ವಿಧಾನವೇ ಬದಲಾಯಿತು. ಇಲ್ಲಿ ನನ್ನೊಳಗಿನ ಕಾಮರ್ಸ್ ವಿದ್ಯಾರ್ಥಿನಿ ಎದ್ದು ಕೂತ್ಕೋತಾಳೆ. ಮೊದಲು ತಯಾರಿಕೆಯ ಖರ್ಚು ನೋಡಿ, ಅದರ ಮೇಲೆ ಇಂತಿಷ್ಟು ಅಂತ ಸೇರಿಸಿ ಬೆಲೆ ಕಟ್ಟುತ್ತಿದ್ರು. ಈಗ ಮಾರುಕಟ್ಟೆಯಲ್ಲಿ ಶೇ. 1 ಅಥವಾ ಹೆಚ್ಚು ಪಾಲು ಇರೋ ಬ್ರಾಂಡ್‌ಗಳು ಅಂಗಡಿಯವರಿಗೆ ಕೊಡೋ ರೇಟಿನ ಸರಾಸರಿ ತೆಗೀತಾರೆ. ಅದಕ್ಕೆ ಅಂಗಡಿಯವರ ಶೇ. 16 ಲಾಭ ಸೇರಿಸಿದ್ರೆ ಗರಿಷ್ಠ ಬೆಲೆ ರೆಡಿ. ಅಂದ್ರೆ, ಒಂದು ಕಂಪನಿ ಡಾಕ್ಟರ್‌ಗಳ ಮೇಲೆ ಮಾಡಿದ ಖರ್ಚನ್ನ ಬೆಲೆಯಲ್ಲಿ ಸೇರಿಸಿದ್ರೆ, ಆ ಬೆಲೆಯೂ ಸರಾಸರಿಯೊಳಗೆ ಬಂತು. ಬೆಲೆ ಹಿಡಿಯೋಕೆ ಅಂತ ಮಾಡಿದ ಸೂತ್ರದ ಒಳಗೇ ಮಾರ್ಕೆಟಿಂಗ್ ಖರ್ಚು ಹೋಗಿ ಕೂತಿದೆ. ಇನ್ನು ಪಟ್ಟಿಯಲ್ಲಿ ಇಲ್ಲದ ಔಷಧಿಗಳಿಗೆ ಇಂಥ ಮಿತಿಯೇ ಇಲ್ಲ. ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದು ಅಷ್ಟೇ.

ಲೆಕ್ಕದ ಪುಸ್ತಕ ತೆರೆದಾಗ

ಹಾಗಾದ್ರೆ ಡಾಕ್ಟರಿಗೆ ಕೊಡೋ ಉಡುಗೊರೆಗೆ ತಡೆ ಇಲ್ವಾ? ಇದೆ. 2009ರ ಡಿಸೆಂಬರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತನ್ನ ನಿಯಮ ತಿದ್ದಿತು. ಕಂಪನಿಗಳಿಂದ ಉಡುಗೊರೆ, ಪ್ರವಾಸ, ನಗದು ತಗೋಬಾರದು ಅಂತ ಡಾಕ್ಟರ್‌ಗಳಿಗೆ ಹೇಳಿತು. ಆದ್ರೆ ಆ ನಿಯಮ ತಗೊಳ್ಳೋರಿಗೆ ಮಾತ್ರ, ಕೊಡೋ ಕಂಪನಿಗಳಿಗಲ್ಲ. ಕಂಪನಿಗಳಿಗೆ ಅಂತ 2015ರಲ್ಲಿ ಒಂದು ಸಂಹಿತೆ ಬಂತು. ಅದು ಸ್ವಯಂಪ್ರೇರಿತ, ಅಂದ್ರೆ ಮನಸ್ಸಿದ್ರೆ ಪಾಲಿಸಿ.

ಕೊನೆಗೆ ಕಂಪನಿಗಳ ಕೈ ಹಿಡಿದಿದ್ದು ಆರೋಗ್ಯ ಇಲಾಖೆ ಅಲ್ಲ, ಆದಾಯ ತೆರಿಗೆ ಇಲಾಖೆ. ಆದಾಯ ತೆರಿಗೆ ಕಾಯ್ದೆಯ 37(1) ಸೆಕ್ಷನ್ ಬಿ.ಕಾಂ. ಮಾಡಿದೋರಿಗೆಲ್ಲ ನೆನಪಿರುತ್ತೆ. ವ್ಯಾಪಾರಕ್ಕೆ ಅಂತ ಮಾಡಿದ ಖರ್ಚನ್ನ ಲಾಭದಲ್ಲಿ ಕಳೆಯಬಹುದು, ಆದ್ರೆ ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿದ ಖರ್ಚನ್ನ ಕಳೆಯೋ ಹಾಗಿಲ್ಲ. ಚೆನ್ನೈನ ಅಪೆಕ್ಸ್ ಲ್ಯಾಬೊರೇಟರೀಸ್ ಅನ್ನೋ ಕಂಪನಿ, ಒಂದು ಪೌಷ್ಟಿಕ ಮಾತ್ರೆಯ ಪ್ರಚಾರಕ್ಕೆ ಡಾಕ್ಟರ್‌ಗಳಿಗೆ ಚಿನ್ನದ ನಾಣ್ಯ, ಟಿವಿ, ಫ್ರಿಜ್, ಲ್ಯಾಪ್‌ಟಾಪ್ ಕೊಟ್ಟ ಖರ್ಚನ್ನ ಲಾಭದಲ್ಲಿ ಕಳೀರಿ ಅಂತ ಕೇಳಿತು. 2022ರ ಫೆಬ್ರವರಿ 22ರಂದು ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಅವರ ಪೀಠ ಆಗಲ್ಲ ಅಂದಿತು. ಡಾಕ್ಟರ್ ತಗೊಳ್ಳೋದು ತಪ್ಪಾದ್ರೆ, ಕಂಪನಿ ಕೊಡೋದು ಹೇಗೆ ಸರಿ? ಈ ಉಡುಗೊರೆಗಳು ನಿಜಕ್ಕೂ ಬಿಟ್ಟಿ ಅಲ್ಲ, ಅವುಗಳ ಖರ್ಚು ಔಷಧಿಯ ಬೆಲೆಯಲ್ಲಿ ಸೇರಿ ರೋಗಿಯ ತಲೆ ಮೇಲೆ ಬರುತ್ತೆ ಅನ್ನೋದನ್ನೂ ಕೋರ್ಟ್ ಗುರುತಿಸಿತು. ಖರ್ಚು ಲಾಭದಲ್ಲಿ ಕಳೆದಾಗ ಸರ್ಕಾರಕ್ಕೆ ಬರಬೇಕಾದ ತೆರಿಗೆಯೂ ಕಮ್ಮಿ ಆಗ್ತಿತ್ತು. ಅಂದ್ರೆ ನಮ್ಮಮ್ಮ ಆ ಫ್ರಿಜ್‌ಗೆ ಎರಡು ಸಲ ದುಡ್ಡು ಕೊಟ್ಟ ಹಾಗೆ: ಒಂದು ಸಲ ಮೆಡಿಕಲ್ ಶಾಪಲ್ಲಿ, ಇನ್ನೊಂದು ಸಲ ಖಜಾನೆಯ ಮೂಲಕ.

ಅದಾಗಿ ಐದು ತಿಂಗಳೊಳಗೆ ವಿಷಯ ಬೆಂಗಳೂರಿಗೆ ಬಂತು. 2022ರ ಜುಲೈ 6ರಂದು ಮೈಕ್ರೋ ಲ್ಯಾಬ್ಸ್ ಮೇಲೆ ಆದಾಯ ತೆರಿಗೆ ಇಲಾಖೆಯ ಶೋಧ ಶುರುವಾಯಿತು. ರೇಸ್ ಕೋರ್ಸ್ ರಸ್ತೆಯಲ್ಲಿ ಮುಖ್ಯ ಕಚೇರಿ ಇರೋ ಕಂಪನಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲಿ ಇದ್ದ ಡೋಲೊ 650 ಇವರದ್ದೇ. ಕೇಂದ್ರ ನೇರ ತೆರಿಗೆಗಳ ಮಂಡಳಿ ಆಮೇಲೆ ಒಂದು ಪ್ರಕಟಣೆ ಕೊಟ್ಟಿತು. ಕಂಪನಿಯ ಹೆಸರು ಹೇಳದೆ, ಬೆಂಗಳೂರಿನ ಒಂದು ಔಷಧ ಸಮೂಹ ಅಂದಿತು. ಪ್ರಚಾರ, ವಿಚಾರಗೋಷ್ಠಿ, ವೈದ್ಯಕೀಯ ಸಲಹೆ ಥರದ ಲೆಕ್ಕದ ತಲೆಬರಹಗಳ ಕೆಳಗೆ ಡಾಕ್ಟರ್‌ಗಳಿಗೆ ಪ್ರವಾಸ, ಉಡುಗೊರೆ ಹೋಗಿವೆ, ಅಂದಾಜು ಮೊತ್ತ ಸುಮಾರು 1,000 ಕೋಟಿ ರೂಪಾಯಿ ಅನ್ನೋದು ಇಲಾಖೆಯ ಆರೋಪ.

ಆಗಸ್ಟ್ 18ರಂದು ಈ ಅಂಕಿ ಸುಪ್ರೀಂ ಕೋರ್ಟಲ್ಲಿ ಪ್ರಸ್ತಾಪ ಆಯಿತು. ಪ್ರಸ್ತಾಪ ಮಾಡಿದ್ದು ಯಾರ ವಕೀಲರು ಗೊತ್ತಾ? ಮೆಡಿಕಲ್ ರೆಪ್‌ಗಳ ರಾಷ್ಟ್ರೀಯ ಒಕ್ಕೂಟದ ವಕೀಲರು. ಕಪ್ಪು ಬ್ಯಾಗ್ ಹಿಡಿದು ಕ್ಲಿನಿಕ್ ಮುಂದೆ ನಿಲ್ಲೋರೇ, ಈ ಮಾರ್ಕೆಟಿಂಗ್ ಸಂಹಿತೆಗೆ ಕಾನೂನಿನ ಬಲ ಕೊಡಿ ಅಂತ ಅರ್ಜಿ ಹಾಕಿದ್ರು. ಪೀಠದಲ್ಲಿದ್ದಿದ್ದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ. ತಮಗೂ ಕೋವಿಡ್ ಬಂದಾಗ ಇದನ್ನೇ ತಗೋಳ್ಳೋಕೆ ಹೇಳಿದ್ರು, ಇದು ಗಂಭೀರ ವಿಷಯ ಅಂತ ಚಂದ್ರಚೂಡ್ ಹೇಳಿದ್ರು.

ಕಂಪನಿಯ ಮಾತನ್ನೂ ಹೇಳಲೇಬೇಕು. ಇದು ಒಂದೇ ಮಾತ್ರೆಗೆ, ಒಂದೇ ವರ್ಷದಲ್ಲಿ ಮಾಡಿದ ಖರ್ಚು ಅನ್ನೋ ಅರ್ಥ ಬರೋ ಹಾಗೆ ಸುದ್ದಿ ಹರಡಿದೆ, ಆ ವರ್ಷದ ಡೋಲೊ ಮಾರಾಟವೇ ಸುಮಾರು 350 ಕೋಟಿ ಇರುವಾಗ 1,000 ಕೋಟಿ ಹೇಗೆ ಖರ್ಚು ಮಾಡೋಕಾಗುತ್ತೆ, ಈ ಮಾತ್ರೆಗೆ ಬೆಲೆ ನಿಯಂತ್ರಣವೂ ಇದೆ ಅಂತ ಅವರು ಹೇಳಿದ್ರು. ಔಷಧ ಕಂಪನಿಗಳ ಒಕ್ಕೂಟವಾದ ಇಂಡಿಯನ್ ಫಾರ್ಮಾಸ್ಯುಟಿಕಲ್ ಅಲಯನ್ಸ್ ಕೂಡ ವಿಚಾರಿಸಿ ಕಂಪನಿ ಪರವಾಗಿ ವರದಿ ಕೊಟ್ಟಿತು. ಲೆಕ್ಕ ಗೊತ್ತಿರೋಳಾಗಿ ನಾನೂ ಹೇಳ್ತೀನಿ: 1,000 ಕೋಟಿ ಪೂರ್ತಿ ಡೋಲೊಗೇ ಅನ್ನೋ ವಾಟ್ಸಾಪ್ ಮಾತು ನಿಲ್ಲಲ್ಲ. ಪ್ರಕಟಣೆಯಲ್ಲಿದ್ದಿದ್ದು ಇಡೀ ಸಮೂಹದ ಲೆಕ್ಕ, ಅದೂ ಅಂದಾಜು. ಆದ್ರೆ ನನಗೆ ಮೊತ್ತಕ್ಕಿಂತ ಕಾಡೋದು ಆ ತಲೆಬರಹಗಳು. ಒಂದು ಸ್ಟ್ರಿಪ್‌ನ ಬೆಲೆಯಲ್ಲಿ ಔಷಧಿಗೆಷ್ಟು, ಡಾಕ್ಟರ್ ಮನ ಒಲಿಸೋಕೆ ಎಷ್ಟು ಅನ್ನೋದು ಯಾವ ಕಂಪನಿಯ ಮಾತ್ರೆಯ ಮೇಲೂ ಬರೆದಿರಲ್ಲ.

2022ರ ಜುಲೈ 1ರಿಂದ ತೆರಿಗೆ ಕಾಯ್ದೆಗೆ 194ಆರ್ ಸೇರಿತು. ವ್ಯಾಪಾರ, ವೃತ್ತಿಯ ಸಂಬಂಧದಲ್ಲಿ ವರ್ಷಕ್ಕೆ 20,000 ರೂಪಾಯಿಗಿಂತ ಹೆಚ್ಚು ಬೆಲೆಯ ಅನುಕೂಲ ಕೊಟ್ರೆ ಶೇ. 10 ಟಿಡಿಎಸ್ ಹಿಡೀಬೇಕು. 2024ರ ಮಾರ್ಚ್ 12ರಂದು ಮಾರ್ಕೆಟಿಂಗ್ ಸಂಹಿತೆಯೂ ಹೊಸದಾಗಿ ಬಂತು. ಉಡುಗೊರೆ, ಪ್ರವಾಸ ಬೇಡ, ಬ್ರಾಂಡ್ ನೆನಪಿಸೋ ಡೈರಿ ಥರದ್ದು 1,000 ರೂಪಾಯಿ ಮೀರಬಾರದು ಅಂತೆಲ್ಲ ಇದೆ. ದೂರು ಬಂದ್ರೆ ಮೊದಲು ವಿಚಾರಿಸೋದು ಮಾತ್ರ ಔಷಧ ಕಂಪನಿಗಳ ಸಂಘದ್ದೇ ಸಮಿತಿ.

ಹೆಸರು ಬದಲಾದ್ರೆ ಸಾಕಾ?

ಹಾಗಾದ್ರೆ ಡಾಕ್ಟರ್‌ಗಳು ಜನೆರಿಕ್ ಹೆಸರನ್ನೇ ಬರೀಲಿ ಅಂದ್ರೆ ಆಯ್ತಲ್ವಾ? ಅದನ್ನೂ ಮಾಡೋಕೆ ಹೋದ್ರು. 2023ರ ಆಗಸ್ಟ್ 2ರಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಇದನ್ನ ಕಡ್ಡಾಯ ಮಾಡಿತು. ವೈದ್ಯರ ಸಂಘ ವಿರೋಧಿಸಿತು. ಅದೇ ತಿಂಗಳು ಮುಗಿಯೋ ಮೊದಲೇ ನಿಯಮ ತಡೆಹಿಡಿದ್ರು. ಹಾಥಿ ಸಮಿತಿಯ ಶಿಫಾರಸಿಗೆ ಆದ ಗತಿಯೇ ಇದಕ್ಕೂ ಆಯಿತು.

ಆದ್ರೆ ವೈದ್ಯರ ವಾದವನ್ನ ನಾನು ಸುಮ್ಮನೆ ತಳ್ಳಿಹಾಕಲ್ಲ. ಅವರು ಕೇಳೋದು ಇಷ್ಟು: ಎಲ್ಲ ಜನೆರಿಕ್‌ಗಳ ಗುಣಮಟ್ಟ ಒಂದೇ ಅಂತ ಯಾರು ಗ್ಯಾರಂಟಿ ಕೊಡ್ತಾರೆ? ಆರಿಸೋ ಅಧಿಕಾರ ನಮ್ಮ ಕೈಯಿಂದ ಅಂಗಡಿಯವರ ಕೈಗೆ ಹೋದ್ರೆ, ಅವರು ತಮಗೆ ಲಾಭ ಜಾಸ್ತಿ ಇರೋದನ್ನ ಕೊಡಲ್ವಾ? ಇದು ಸುಳ್ಳು ಭಯ ಅಲ್ಲ. 2024ರ ನವೆಂಬರಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೆ ಒಬ್ಬರು ತೀರಿಕೊಂಡರು. ಸರ್ಕಾರಿ ಆಸ್ಪತ್ರೆಗೆ ಪೂರೈಕೆಯಾಗಿದ್ದ ಐವಿ ದ್ರಾವಣದ ಮೇಲೆ ಅನುಮಾನ ಬಂತು. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನ ಅಮಾನತು ಮಾಡಿತು. ಅಗ್ಗದ ಔಷಧಿ ಬೇಕು ಅಂತ ಕೇಳೋ ನನ್ನಂಥವರು ಬಳ್ಳಾರಿಯನ್ನ ಮರೆತು ಮಾತಾಡೋ ಹಾಗಿಲ್ಲ. ಬಡವರಿಗೆ ಬೇಕಿರೋದು ಕಮ್ಮಿ ಬೆಲೆಯ, ಪರೀಕ್ಷೆ ಆಗಿರೋ ಔಷಧಿ. ಪರೀಕ್ಷೆ ಮಾಡೋದು ಸರ್ಕಾರದ ಕೆಲಸ. ಆ ಕೆಲಸ ಸರಿಯಾಗಿ ಆಗದೇ ಇದ್ದಾಗ ಜನ ಬ್ರಾಂಡ್ ಹೆಸರನ್ನೇ ನಂಬ್ತಾರೆ, ಕಂಪನಿಗಳು ಆ ನಂಬಿಕೆಗೆ ರೇಟು ಹಾಕ್ತವೆ.

2008ರಲ್ಲಿ ಅಮೃತಸರದಲ್ಲಿ ಮೊದಲು ತೆರೆದ ಜನೌಷಧಿ ಕೇಂದ್ರಗಳು ಈಗ ನಮ್ಮ ಏರಿಯಾಗಳಲ್ಲೂ ಇವೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಆಸ್ಪತ್ರೆ ಆವರಣದಲ್ಲಿರೋ ಜನೌಷಧಿ ಕೇಂದ್ರಗಳನ್ನ ಮುಚ್ಚಿ ಅಂದಿತು. ಅಲ್ಲಿ ಔಷಧಿ ಹೇಗೂ ಉಚಿತವಾಗಿ ಕೊಡ್ತೀವಲ್ಲ ಅನ್ನೋದು ಸರ್ಕಾರದ ವಾದ. ಕೇಂದ್ರ ನಡೆಸೋರು ಹೈಕೋರ್ಟ್ ಮೆಟ್ಟಿಲು ಹತ್ತಿದ್ರು. ಪಕ್ಷಗಳು ಬೈದಾಡಿಕೊಂಡವು. ಒಳಗೆ ಉಚಿತ ಔಷಧಿ ಸ್ಟಾಕ್ ಇಲ್ಲ ಅಂದ ದಿನ ರೋಗಿ ಚೀಟಿ ಹಿಡ್ಕೊಂಡು ಎಲ್ಲಿಗೆ ಹೋಗಬೇಕು ಅನ್ನೋ ಪ್ರಶ್ನೆ ಆ ಗದ್ದಲದಲ್ಲಿ ಕೇಳಿಸಲಿಲ್ಲ.

ಮುಗಿಸೋ ಮುಂಚೆ ನಮ್ಮನೆ ವಿಷಯ. ಕಮರ್ಷಿಯಲ್ ಸ್ಟ್ರೀಟಿಂದ ಬೌರಿಂಗ್ ಆಸ್ಪತ್ರೆಗೆ ನಡ್ಕೊಂಡೇ ಹೋಗಬಹುದು. ಈಗ ಅಮ್ಮನನ್ನ ಅಲ್ಲಿಗೇ ಕರ್ಕೊಂಡು ಹೋಗ್ತೀನಿ. ಕ್ಯೂ ಉದ್ದ, ಅರ್ಧ ದಿನ ಹೋಗುತ್ತೆ. ಅಲ್ಲಿ ಚೀಟಿ ಮೇಲೆ ಇರೋದು ಔಷಧಿಯ ಹೆಸರು, ಬ್ರಾಂಡ್ ಅಲ್ಲ. ಒಂದು ಮಾತ್ರೆ ಅಲ್ಲೇ ಸಿಕ್ಕಿತು. ಇನ್ನೊಂದು ಸ್ಟಾಕ್ ಇರಲಿಲ್ಲ, ಅದನ್ನ ಜನೌಷಧಿಯಲ್ಲಿ ತಗೊಂಡೆ. ನಾವು ಮೊದಲು ಕೊಡ್ತಿದ್ದ ದುಡ್ಡಿನ ಮೂರನೇ ಒಂದು ಭಾಗವೂ ಆಗಲಿಲ್ಲ. ಮೂರು ತಿಂಗಳ ನಂತರ ಟೆಸ್ಟ್ ಮಾಡಿಸಿದಾಗ ಶುಗರ್ ಮೊದಲಿನಷ್ಟೇ ಇತ್ತು. ಇದು ಒಂದು ಮನೆಯ ಅನುಭವ ಅಷ್ಟೇ. ನಿಮ್ಮ ಡಾಕ್ಟರನ್ನ ಕೇಳದೆ ಔಷಧಿ ಬದಲಾಯಿಸೋಕೆ ಹೋಗಬೇಡಿ.

ಆದ್ರೆ ಕೇಳಿ. "ಡಾಕ್ಟ್ರೇ, ಇದರ ಜನೆರಿಕ್ ಹೆಸರೂ ಬರೆದು ಕೊಡ್ತೀರಾ?" ಅಂತ ಕೇಳೋದು ಅವಮಾನ ಅಲ್ಲ. ಸ್ಟ್ರಿಪ್ ತಿರುಗಿಸಿ ನೋಡಿ. 2018ರಿಂದ ಔಷಧಿಯ ನಿಜವಾದ ಹೆಸರು ಬ್ರಾಂಡ್ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಇರಬೇಕು ಅಂತ ನಿಯಮ ಇದೆ. ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಆ್ಯಪಲ್ಲಿ ಆ ಹೆಸರು ಹಾಕಿದ್ರೆ ಬೇರೆ ಬ್ರಾಂಡ್‌ಗಳ ಬೆಲೆಯೂ ಕಾಣುತ್ತೆ.

ಮೊನ್ನೆ ಇದನ್ನೆಲ್ಲ ಅಪ್ಪನಿಗೆ ಹೇಳ್ತಿದ್ದೆ. ಪೂರ್ತಿ ಕೇಳಿಸ್ಕೊಂಡು ಅವರು ಒಂದೇ ಮಾತು ಕೇಳಿದ್ರು: "ಅಲ್ಲಮ್ಮಾ, ಇಷ್ಟು ವರ್ಷ ಗಿರಾಕಿ ಬಿಟ್ಟು ಬೇರೆಯವರ ಹತ್ರ ಚೌಕಾಸಿ ಮಾಡ್ತಿದ್ರಾ ಇವ್ರು?"

ಹೌದಪ್ಪಾ ಅಂದೆ.